ಹನ್ನೊಂದನೆಯ ಪ್ರಶ್ನೆ

ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಇನ್ನು ಎರಡು ತಿಂಗಳಿತ್ತು. ನನ್ನ ಪ್ರಬಂಧಗಳ ಪಟ್ಟಿಯನ್ನು ಮುದ್ರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ನಮ್ಮ ವೈದ್ಯಕೀಯ ಸಂಶೋಧನೆಯ ಲೋಕದಲ್ಲಿ ಮನುಷ್ಯರನ್ನು ತೂಗುವುದು ಎರಡು ಸಂಗತಿಗಳಿಂದ. ಎಷ್ಟು ಪ್ರಬಂಧ ಪ್ರಕಟಿಸಿದ್ದೀರಿ ಎಂಬುದು ಒಂದು. ಅವುಗಳನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದು ಇನ್ನೊಂದು. ಅದಕ್ಕೆ ಸೈಟೇಶನ್ ಅನ್ನುತ್ತಾರೆ. ನನ್ನ ಪಟ್ಟಿ ಅಂಥ ಉದ್ದದ್ದೇನೂ ಆಗಿರಲಿಲ್ಲ. ಆದರೆ ಅದರಲ್ಲಿ ಒಂದು ಪ್ರಬಂಧ ಇತ್ತು. ಉಳಿದವೆಲ್ಲ ಒಟ್ಟು ಸೇರಿದರೂ ಅದಕ್ಕೆ ಬಂದ ಉಲ್ಲೇಖಗಳ ಅರ್ಧಕ್ಕೂ ಸಾಟಿಯಾಗುತ್ತಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಆ ಅಂಕಿ ನೋಡುವ ಚಟ ನನಗೆ ಅಂಟಿತ್ತು. ಒಂದು ಹೆಚ್ಚಾಗಿದ್ದರೆ ಆ ದಿನ ಚಹಾ ರುಚಿಯಾಗಿರುತ್ತಿತ್ತು. ಇದನ್ನು ಬಲ್ಲ ನಮ್ಮ ವಿಭಾಗದ ಮುಖ್ಯಸ್ಥರು, ‘ಏನ್ರಿ ಮೇಡಂ, ಇವತ್ತು ಧಾರಣಿ ಹೆಂಗೈತಿ?’ ಎಂದು ಕಾಡಿಸುತ್ತಿದ್ದರು.

ಆ ಪ್ರಬಂಧ ಸಂಡೂರಿನ ಸುತ್ತಲಿನ ಹೆಣ್ಣುಮಕ್ಕಳನ್ನು ಕುರಿತದ್ದು. ಗಣಿಯಿಂದ ಬಂದ ಅದಿರನ್ನು ರೈಲಿಗೆ ತುಂಬುವ ಸೈಡಿಂಗುಗಳಲ್ಲಿ ಕುಳಿತು, ಕಲ್ಲು ಬೇರೆ ಅದಿರು ಬೇರೆ ಆರಿಸುತ್ತಿದ್ದವರು ಅವರು. ವರ್ಷಗಟ್ಟಲೆ ಕೆಂಪು ಧೂಳಿನಲ್ಲಿ ದುಡಿದ ಅವರ ಉಸಿರಿನ ಶಕ್ತಿ ಎಷ್ಟು ಕುಗ್ಗಿದೆ, ಯಾಕೆ ಕುಗ್ಗಿದೆ ಎಂದು ತಿಳಿಯುವುದು ನಮ್ಮ ಕೆಲಸವಾಗಿತ್ತು. ಪ್ರತಿಯೊಬ್ಬರಿಗೂ ಕೊಳವೆ ಕೊಟ್ಟು ಯಂತ್ರಕ್ಕೆ ಊದಿಸಿ ಅಳತೆ ತೆಗೆದೆವು, ಒಂದು ಪ್ರಶ್ನಾವಳಿ ತುಂಬಿಸಿದೆವು. ಲೆಕ್ಕ ಹಾಕಿದಾಗ ಬಂದ ಉತ್ತರ ನಮಗೇ ಆಶ್ಚರ್ಯ ತಂದಿತು. ಉಸಿರು ಕುಗ್ಗಲು ಮುಖ್ಯ ಕಾರಣ ಧೂಳಲ್ಲ, ಧೂಮಪಾನ. ಈ ಹೆಂಗಸರಲ್ಲಿ ಬಹಳ ಮಂದಿ ಸೇದುತ್ತಾರೆ. ಸೇದದವರ ಉಸಿರು ಅದೇ ಧೂಳಿನಲ್ಲಿದ್ದೂ ಸಾಕಷ್ಟು ಗಟ್ಟಿಯಾಗಿದೆ. ಯಾರೂ ಊಹಿಸಿರದ ಸಂಗತಿಯಾದ್ದರಿಂದ ಎಲ್ಲರೂ ಅದನ್ನೇ ಎತ್ತಿ ಹೇಳಿದರು. ಹಳ್ಳಿಯ ಹೆಣ್ಣುಮಕ್ಕಳ ಧೂಮಪಾನದ ಬಗ್ಗೆ ಯಾರು ಎಲ್ಲಿ ಬರೆದರೂ ನನ್ನ ಹೆಸರು ಬರತೊಡಗಿತು.

ಹೊಸಪೇಟೆಯಲ್ಲಿ ನಮ್ಮ ಕಾಲೇಜು ನಡೆಸುವ ಒಪಿಡಿಯಲ್ಲಿ ಬುಧವಾರ ನನ್ನ ಸರದಿ. ಅಂಥ ಒಂದು ಬುಧವಾರ ಕಂಪ್ಲಿಯಿಂದ ಒಬ್ಬ ಮಗಳು ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿಗೆ ಅರವತ್ತರ ಹತ್ತಿರ. ಬಾಗಿಲಿನಿಂದ ನನ್ನ ಮೇಜಿನವರೆಗೆ ಬರುವಷ್ಟರಲ್ಲಿ ಎರಡು ಸಲ ನಿಂತರು. ಕುಳಿತ ಮೇಲೂ ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಹೆಗಲನ್ನು ಎತ್ತಿ ಎತ್ತಿ ಉಸಿರಾಡುತ್ತಿದ್ದರು. ಸಂಡೂರಿನ ಕಡೆಯ ಸೈಡಿಂಗಿನಲ್ಲಿ ಇಪ್ಪತ್ತು ವರ್ಷ ಅದಿರು ಆರಿಸಿದವರು. ಯಂತ್ರ ಬಂದು ಕೆಲಸ ನಿಂತ ಮೇಲೆ, ಗಂಡನೂ ಇಲ್ಲದ್ದರಿಂದ, ಕಂಪ್ಲಿಯಲ್ಲಿ ಮಗಳ ಮನೆ ಸೇರಿದ್ದರು. ಪರೀಕ್ಷೆ ಮಾಡಿ, ಎಕ್ಸ್‌ರೇ ನೋಡಿ, ಔಷಧ ಬರೆದೆ. ಏಳುವ ಮೊದಲು ಮಗಳು ಪ್ಲಾಸ್ಟಿಕ್ ಚೀಲದಿಂದ ಒಂದು ಸರ್ಕಾರಿ ಪತ್ರ ತೆಗೆದು ನನ್ನ ಮುಂದಿಟ್ಟಳು.

ಧೂಳಿನಿಂದ ಬಂದ ಕಾಯಿಲೆ ಎಂದು ಗುರುತಿಸಿ ಎಂದು ಆಕೆಯ ತಾಯಿ ಹಾಕಿದ್ದ ಅರ್ಜಿಯನ್ನು ಆ ಪತ್ರ ತಿರಸ್ಕರಿಸಿತ್ತು. ಈ ಭಾಗದ ಮಹಿಳಾ ಕಾರ್ಮಿಕರಲ್ಲಿ ಧೂಮಪಾನ ವ್ಯಾಪಕವಾಗಿದ್ದು, ಶ್ವಾಸಕೋಶದ ತೊಂದರೆಗೆ ಅದೇ ಪ್ರಮುಖ ಕಾರಣವೆಂದು ಪ್ರಕಟಿತ ಸಂಶೋಧನೆಯಿಂದ ತಿಳಿದುಬರುತ್ತದೆ ಎಂದು ಬರೆದಿದ್ದರು. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಆ ಸಂಶೋಧನೆಯ ಹೆಸರು, ಲೇಖಕರ ಹೆಸರು. ಮೊದಲನೆಯದು ನನ್ನದು. ಇಷ್ಟು ವರ್ಷ ಎಣಿಸಿಕೊಂಡು ಬಂದಿದ್ದ ಸೈಟೇಶನ್‌ಗಳಲ್ಲಿ ಕಾಗದದ ಮೇಲೆ, ಒಬ್ಬ ರೋಗಿಯ ಕೈಯಿಂದ ನನಗೆ ಸಿಕ್ಕಿದ್ದು ಅದೊಂದೇ.

ಪತ್ರವನ್ನು ಮಗಳ ಮಾವ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರ ಎದುರು ಗಟ್ಟಿಯಾಗಿ ಓದಿದ್ದರಂತೆ. ಅಂದಿನಿಂದ ಓಣಿಯಲ್ಲಿ ಈಕೆ ಬೀಡಿ ಸೇದುವವಳು ಎಂಬುದೇ ಮಾತು. ಬೀಗರ ಮನೆಯಲ್ಲಿ ಇರುವವರು, ಎದುರು ಮಾತನಾಡುವ ಹಾಗಿಲ್ಲ. ಮಗಳು ಇದನ್ನೆಲ್ಲ ಹೇಳುವಾಗ ತಾಯಿ ತಲೆ ತಗ್ಗಿಸಿ ಕುಳಿತಿದ್ದರು. ಆಮೇಲೆ ಉಸಿರು ಕೂಡಿಸಿಕೊಂಡು ತಾವೇ ಮಾತನಾಡಿದರು.

‘ಡಾಕ್ಟ್ರಮ್ಮಾರ, ಎಲಿ-ಅಡಿಕಿ ಹಾಕ್ಕೊಂತೀನ್ರಿ, ಸುಳ್ಳ್ಯಾಕ ಹೇಳ್ಲಿ. ಬೀಡಿ ಮಾತ್ರ ಕೈಲೆ ಮುಟ್ಟಿಲ್ರಿ. ಅವತ್ತು ಪೀಪಿ ಊದ್ಸಾಕ ಬಂದಿದ್ರಲ್ರಿ, ಆ ಹುಡುಗ್ರು ಕೇಳಿದ್ರು, ದಮ್ಮು ಐತೇನಮ್ಮಾ ಅಂತ. ಐತಪ್ಪಾ ಅಂದೆ. ದಿನಕ್ಕ ಎಷ್ಟು ಸಲ ಅಂದ್ರು. ಮೂರ್ನಾಕು ಸಲ ಅಂದೆ. ಬೀಡಿ ಮಾತ ಬರ್ಲಿಲ್ರಿ ಅಲ್ಲಿ.’

ನಾನು ಪೆನ್ನು ಕೆಳಗಿಟ್ಟೆ.

ಆ ಪದದ ಕಥೆಯನ್ನು ಇಲ್ಲಿ ಹೇಳಲೇಬೇಕು. ನಾನು ಹೊಸಪೇಟೆಯವಳೇ, ಆದರೆ ನಮ್ಮದು ವೈಷ್ಣವರ ಮನೆ. ಉಸಿರು ಕಟ್ಟುವುದಕ್ಕೆ ನಮ್ಮಲ್ಲಿ ಉಬ್ಬಸ ಅನ್ನುತ್ತಿದ್ದರು. ದಮ್ಮು ಎಂಬ ಪದವನ್ನು ನಾನು ಸರಿಯಾಗಿ ಕೇಳಿದ್ದು ದಕ್ಷಿಣದ ಊರಿನಲ್ಲಿ ಎಂ.ಡಿ. ಓದುವಾಗ, ಹುಡುಗರ ಹಾಸ್ಟೆಲ್ಲಿನವರ ಬಾಯಲ್ಲಿ. ‘ಒಂದು ದಮ್ಮು ಹೊಡ್ಕೊಂಡು ಬರ್ತೀವಿ’ ಅಂದರೆ ಸಿಗರೇಟು ಸೇದಿ ಬರುತ್ತೇವೆ ಎಂದರ್ಥ. ಓದು ಮುಗಿಸಿ ಬಂದ ಹೊಸದರಲ್ಲಿ ಕೈಗೆ ಸಿಕ್ಕ ಮೊದಲ ದೊಡ್ಡ ಕೆಲಸ ಈ ಸಂಶೋಧನೆ. ಪ್ರಶ್ನಾವಳಿಯ ಹನ್ನೊಂದನೆಯ ಪ್ರಶ್ನೆ, ‘ತಾವು ಧೂಮಪಾನ ಮಾಡುತ್ತೀರಾ?’ ಎಂದಿತ್ತು. ಧೂಮಪಾನ ಅಂದರೆ ಯಾರಿಗೆ ತಿಳಿಯುತ್ತದೆ, ಜನರ ಭಾಷೆಯಲ್ಲಿ ಕೇಳಿ ಎಂದು ತರಬೇತಿಯ ದಿನ ನಾನೇ ಜೋರು ಮಾಡಿ, ಜನರ ಭಾಷೆಯನ್ನೂ ನಾನೇ ಹೇಳಿಕೊಟ್ಟಿದ್ದೆ. ಮೊದಲು ಪರೀಕ್ಷಿಸಿ ನೋಡಿದ್ದು ಹೊಸಪೇಟೆಯ ಲಾರಿ ಗ್ಯಾರೇಜುಗಳ ಗಂಡಸರ ಮೇಲೆ. ಅವರು ನಕ್ಕು ಸರಿಯಾಗಿಯೇ ಉತ್ತರಿಸಿದ್ದರು. ಆದರೆ ಸಂಡೂರಿನ ಹೆಣ್ಣುಮಕ್ಕಳಿಗೆ ದಮ್ಮು ಅಂದರೆ ಕಾಯಿಲೆ, ಏದುಸಿರು, ಉಬ್ಬಸ. ಇದೆಯಾ? ಇದೆ. ದಿನಕ್ಕೆ ಎಷ್ಟು ಸಲ? ಮೂರು ನಾಲ್ಕು ಸಲ. ಎಷ್ಟು ವರ್ಷದಿಂದ? ಏಳೆಂಟು ವರ್ಷದಿಂದ. ಒಂದೊಂದು ಉತ್ತರವೂ ಬೀಡಿಗೆ ಸರಿಯಾಗಿ ಕೂರುತ್ತಿತ್ತು.

ಆಮೇಲೆ ಹತ್ತು ವರ್ಷ ಒಪಿಡಿಯಲ್ಲಿ ಕುಳಿತಿದ್ದೇನೆ. ದಮ್ಮು ಎಂದು ಹೇಳಿಕೊಂಡು ಬಂದವರಿಗೆ ಲೆಕ್ಕವಿಲ್ಲ. ಅವರೆಲ್ಲರಿಗೂ ಉಬ್ಬಸದ ಔಷಧವನ್ನೇ ಬರೆದುಕೊಟ್ಟಿದ್ದೇನೆ. ಒಂದು ದಿನವೂ ಆ ಪದವನ್ನು ತೆಗೆದುಕೊಂಡು ಹೋಗಿ ನನ್ನ ಪ್ರಬಂಧದ ಪಕ್ಕ ಇಟ್ಟು ನೋಡಲಿಲ್ಲ. ಪ್ರಬಂಧ ಇಂಗ್ಲಿಷಿನಲ್ಲಿತ್ತು. ಕಂಪ್ಯೂಟರಿನ ಕಾಲಮ್ಮಿನ ತಲೆಯ ಮೇಲೆ ಸ್ಮೋಕಿಂಗ್ ಎಂದಿತ್ತು. ಆ ಕಾಲಮ್ಮಿಗೆ ಯಾರ ಬಾಯಿಂದ ಯಾವ ಮಾತು ಬಂದು ಬಿದ್ದಿತ್ತೆಂದು ನಾನು ಮರೆತೇ ಬಿಟ್ಟಿದ್ದೆ.

ಆ ತಾಯಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು.

‘ಪರಿಹಾರ ಗಿರಿಹಾರ ಬ್ಯಾಡ್ರಿ ನಂಗ. ಆ ಪುಸ್ತಕದಾಗ ಬರದೋರು ಯಾರೋ ನಿಮ್ಮಂಥ ದೊಡ್ಡೋರ ಇರಬೇಕು. ಅವ್ರಿಗೆ ಹೇಳಿ, ಈಕಿ ಬೀಡಿ ಸೇದಾಕಿ ಅಲ್ಲ ಅಂತ ಬರಿಸಿಕೊಡ್ರಿ. ಸಾಯೋದ್ರಾಗ ಒಂದ್ಸಲ ನಮ್ಮ ಬೀಗರ ಮುಂದ ಓದಿಸ್ತೀನಿ.’

ಅದು ನಾನೇ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಹತ್ತಾರು ರೋಗಿಗಳು ಕಾಯುತ್ತಿದ್ದರು, ಮೊದಲು ಖಚಿತ ಮಾಡಿಕೊಳ್ಳಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ‘ಬರೆದವರನ್ನು ಕೇಳ್ತೀನಮ್ಮ’ ಅಂದೆ. ಅವರು ಕೈ ಮುಗಿದು ಎದ್ದರು.

ಮರುದಿನ ಕಾಲೇಜಿನ ದಾಖಲೆ ಕೋಣೆಗೆ ಹೋದೆ. ಹಳೆಯ ನಮೂನೆಗಳನ್ನು ಗೋಣಿಚೀಲಗಳಲ್ಲಿ ಕಟ್ಟಿಟ್ಟಿದ್ದರು; ಕಾಯ್ದಿಡುವ ಅವಧಿ ಮುಗಿಯಲು ಬಂದಿದ್ದರಿಂದ ವಿಲೇವಾರಿಯ ಪಟ್ಟಿಗೂ ಸೇರಿದ್ದವು. ಮೂರು ದಿನ ಮಧ್ಯಾಹ್ನದ ಹೊತ್ತು ನೆಲದ ಮೇಲೆ ಕುಳಿತು ಒಂದೊಂದೇ ಬಿಚ್ಚಿದೆ. ಮೊದಲನೆಯ ಚೀಲದಲ್ಲೇ ಸಮೀಕ್ಷೆಯ ಹುಡುಗರಿಗೆ ಕೊಟ್ಟಿದ್ದ ಸೂಚನೆಯ ಹಾಳೆ ಸಿಕ್ಕಿತು. ಹನ್ನೊಂದನೆಯ ಪ್ರಶ್ನೆಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ‘ದಮ್ಮು ಇದೆಯಾ ಎಂದು ಕೇಳಿ’ ಎಂದು ಬರೆದಿತ್ತು. ಅಕ್ಷರ ನನ್ನದೇ. ಹದಿನಾಲ್ಕನೆಯ ಪ್ರಶ್ನೆಯ ಪಕ್ಕ, ‘ಉಬ್ಬಸ ಇದೆಯಾ ಎಂದು ಕೇಳಿ.’ ಅದಕ್ಕೆ ಬಹುತೇಕ ನಮೂನೆಗಳಲ್ಲಿ ಇಲ್ಲ ಎಂಬ ಉತ್ತರವಿತ್ತು. ನನ್ನ ಮನೆಯ ಮಾತು ಅವರಿಗೆ ಗೊತ್ತಿರಲಿಲ್ಲ, ಅವರ ಮನೆಯ ಮಾತು ನನಗೆ ಗೊತ್ತಿರಲಿಲ್ಲ.

ಸಮೀಕ್ಷೆ ಮಾಡಿದ್ದ ಇಬ್ಬರೂ ಮಂಡ್ಯದ ಕಡೆಯವರು. ಒಬ್ಬರ ನಂಬರು ಹುಡುಕಿ ಫೋನು ಮಾಡಿದೆ. ಈಗ ಎಲ್ಲೋ ಔಷಧ ಕಂಪನಿಯಲ್ಲಿದ್ದಾರೆ. ಅವರಿಗೆ ಎಲ್ಲ ನೆನಪಿತ್ತು.

‘ನೀವೇ ಹಾಗೆ ಕೇಳಿ ಅಂದಿದ್ರಲ್ಲ ಮೇಡಂ. ಹೆಂಗಸ್ರು ಒಂಚೂರೂ ನಾಚ್ಕೊಳ್ದೆ ಹೂಂ ಅಂತಿದ್ರು. ನಮಗೇ ಆಶ್ಚರ್ಯ ಆಗ್ತಿತ್ತು. ನಿಮಗೆ ಹೇಳೋಣ ಅಂದ್ಕೊಂಡ್ವಿ, ನೀವು ಖುಷಿಯಾಗಿದ್ರಿ.’

ಹೌದು, ನಾನು ಖುಷಿಯಾಗಿದ್ದೆ. ಹೊಸ ಸಂಗತಿ ಸಿಕ್ಕಿತೆಂದು, ಈ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ನನ್ನ ಗೈಡಿಗೆ ಅದೇ ದಿನ ಫೋನು ಮಾಡಿದ್ದೆ.

ಊಹೆಯ ಮೇಲೆ ಏನನ್ನೂ ಬರೆಯುವಂತಿರಲಿಲ್ಲ. ಧೂಮಪಾನಿಗಳು ಎಂದು ದಾಖಲಾಗಿದ್ದವರಲ್ಲಿ ಚೀಟಿ ಎತ್ತಿ ಒಂದಷ್ಟು ಹೆಸರು ಆರಿಸಿಕೊಂಡು, ನೈತಿಕ ಸಮಿತಿಯ ಅನುಮತಿ ಪಡೆದು ಸಂಡೂರಿಗೆ ಹೋದೆ. ಅಲ್ಲಿನ ಆಶಾ ಕಾರ್ಯಕರ್ತೆಯೊಬ್ಬರು ಜೊತೆಗೆ ಬಂದರು. ನಮೂನೆಯಲ್ಲಿದ್ದ ವಿಳಾಸ ಹಿಡಿದು ಮನೆಮನೆ ತಿರುಗಿದೆವು. ಕೆಲವು ಬಾಗಿಲಿಗೆ ಬೀಗ, ಕೆಲವರು ತೀರಿಕೊಂಡಿದ್ದರು. ಸಿಕ್ಕವರನ್ನು ಈ ಸಲ ನೇರವಾಗಿ ಕೇಳಿದೆ, ಬೀಡಿ ಸೇದುತ್ತೀರಾ ಎಂದು. ಒಬ್ಬರು ಸೆರಗು ಬಾಯಿಗೆ ಹಿಡಿದು ನಕ್ಕರು. ಇನ್ನೊಬ್ಬರು ಸಿಟ್ಟಾಗಿ ಒಳಗೆ ಹೋದವರು ತಿರುಗಿ ಬರಲೇ ಇಲ್ಲ. ಸೇದುತ್ತೇನೆ ಎಂದವರು ಒಬ್ಬರೇ ಒಬ್ಬರು. ಗಂಡ ಹೋದ ಮೇಲೆ ಅವನ ಬೀಡಿ ಕಟ್ಟು ಉಳಿದಿತ್ತು, ಹಾಗೇ ರೂಢಿಯಾಯಿತು ಎಂದರು. ಆಶಾ ಕಾರ್ಯಕರ್ತೆಗೆ ನಾನು ಏನನ್ನೂ ವಿವರಿಸಿ ಹೇಳಿರಲಿಲ್ಲ, ಆದರೆ ನನ್ನ ಕೈಯಲ್ಲಿದ್ದ ಸೂಚನೆಯ ಹಾಳೆಯ ಕೆಂಪು ಅಕ್ಷರ ಅವರ ಕಣ್ಣಿಗೆ ಬಿದ್ದಿತ್ತು. ಬಸ್ ನಿಲ್ದಾಣದಲ್ಲಿ ಅವರೇ ಹೇಳಿದರು. ‘ಮೇಡಂ, ದಮ್ಮು ಅಂದ್ರ ಏನು ಅಂತ ನನ್ನ ಒಂದ್ಮಾತು ಕೇಳಿದ್ರ ಆಗ್ತಿತ್ತಲ್ರಿ.’

ಮನೆಗೆ ಬಂದು ಹಳೆಯ ಅಂಕಿಗಳನ್ನು ಮತ್ತೆ ಕಂಪ್ಯೂಟರಿಗೆ ಹಾಕಿದೆ. ಸ್ಮೋಕಿಂಗ್ ಕಾಲಮ್ಮನ್ನು ತೆಗೆದು ಬರೀ ಧೂಳಿನಲ್ಲಿ ದುಡಿದ ವರ್ಷಗಳನ್ನೂ ಉಸಿರಿನ ಅಳತೆಯನ್ನೂ ಎದುರುಬದುರು ಇಟ್ಟೆ. ಹೆಚ್ಚು ವರ್ಷ ದುಡಿದವರ ಉಸಿರು ಹೆಚ್ಚು ಕುಗ್ಗಿತ್ತು. ರೇಖೆ ನೇರವಾಗಿ ಇಳಿದಿತ್ತು. ಕಾಯಿಲೆಯನ್ನೇ ಕಾರಣವೆಂದು ಹೆಸರಿಟ್ಟು ಲೆಕ್ಕಕ್ಕೆ ಸೇರಿಸಿದ್ದರಿಂದ ಧೂಳು ಅದರ ಹಿಂದೆ ಅಡಗಿಕೊಂಡಿತ್ತು. ಇಷ್ಟು ವರ್ಷ ಜಗತ್ತಿಗೆ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ.

ನನ್ನ ಗೈಡ್ ನಿವೃತ್ತರಾಗಿದ್ದರು. ಆ ವಾರ ಹಂಪಿ ನೋಡಲು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಕಡ್ಡಿರಾಂಪುರದ ಒಂದು ಹೋಂಸ್ಟೇಯಲ್ಲಿ ಇಳಿದಿದ್ದರು. ಬೆಳಿಗ್ಗೆ ಹೋಗಿ ಕಾಗದಗಳನ್ನೆಲ್ಲ ತೋರಿಸಿದೆ. ಒಗ್ಗರಣೆ-ಮಿರ್ಚಿಯ ತಟ್ಟೆ ಪಕ್ಕಕ್ಕೆ ಸರಿಸಿ ಅವರು ಎಲ್ಲವನ್ನೂ ಓದಿದರು. ತಪ್ಪು ಆಗಿದೆ ಎಂದು ತಕ್ಷಣ ಒಪ್ಪಿಕೊಂಡರು, ಅದು ಅವರ ದೊಡ್ಡತನ. ಆದರೆ ಪ್ರಬಂಧವನ್ನು ಹಿಂತೆಗೆದುಕೊಳ್ಳುವುದು ಬೇಡ, ಒಂದು ಸಣ್ಣ ತಿದ್ದುಪಡಿ ಕಳಿಸಿದರೆ ಸಾಕು ಎಂದರು. ತಿದ್ದುಪಡಿಯಾದರೆ ಪ್ರಬಂಧವೂ ಉಳಿಯುತ್ತದೆ, ಸೈಟೇಶನ್‌ಗಳೂ ಉಳಿಯುತ್ತವೆ.

‘ಸಂದರ್ಶನ ಒಂದು ಮುಗೀಲಿ ಕಣಮ್ಮ. ಹತ್ತು ವರ್ಷ ಕಾದಿದೆ, ಇನ್ನೊಂದು ತಿಂಗಳು ಕಾಯಲ್ವಾ ಸತ್ಯ?’

ಒಂದು ಕ್ಷಣ ಆಸೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಟೋದಲ್ಲಿ ಹೊಸಪೇಟೆಗೆ ಮರಳುವಾಗ ಅದನ್ನೇ ಯೋಚಿಸಿದೆ. ತಿದ್ದುಪಡಿಯನ್ನು ಯಾರು ಓದುತ್ತಾರೆ? ಆ ಪತ್ರ ಬರೆದ ಕಚೇರಿಯವರು ಓದುವುದಿಲ್ಲ. ತೀರ್ಮಾನವೇ ತಲೆಕೆಳಗಾದ ಮೇಲೆ ತಿದ್ದುವುದಕ್ಕೆ ಉಳಿದಿರುವುದಾದರೂ ಏನು? ಮನೆ ತಲುಪಿದವಳೇ ಪ್ರಬಂಧ ಪ್ರಕಟಿಸಿದ್ದ ಪತ್ರಿಕೆಯ ಸಂಪಾದಕರಿಗೆ ಬರೆದೆ. ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ತಪ್ಪು ನನ್ನದು, ಸಾಕ್ಷ್ಯ ಲಗತ್ತಿಸಿದೆ ಎಂದು. ಸಂದರ್ಶನದ ಪಟ್ಟಿಯಿಂದಲೂ ಅದನ್ನು ಹೊಡೆದು ಹಾಕಿದೆ. ಪಟ್ಟಿ ಬೇಕಾದ ಸಂಖ್ಯೆಗಿಂತ ಒಂದು ಕಡಿಮೆಯಾಯಿತು, ಹುದ್ದೆ ಬೇರೆಯವರಿಗೆ ಹೋಯಿತು. ಅದಕ್ಕಾಗಿ ನಾನು ಅತ್ತಿದ್ದು ಒಂದೇ ಸಂಜೆ.

ಹಿಂತೆಗೆದುಕೊಳ್ಳುವುದೂ ಪ್ರಕಟಿಸುವಷ್ಟೇ ನಿಧಾನದ ಕೆಲಸ. ಎಲ್ಲ ಸಹಲೇಖಕರ ಸಹಿ ಬೇಕು, ಕಾಲೇಜಿನ ವಿಚಾರಣಾ ಸಮಿತಿಯ ವರದಿ ಬೇಕು, ದಮ್ಮು ಎಂಬ ಪದಕ್ಕೆ ಎರಡರ್ಥ ಇದೆ ಎನ್ನುವುದಕ್ಕೆ ಭಾಷಾ ತಜ್ಞರ ದೃಢೀಕರಣ ಬೇಕು. ಒಬ್ಬ ಸಹಲೇಖಕರು ವಿದೇಶದಲ್ಲಿದ್ದರು. ಅವರ ಒಂದು ಸಹಿಗೆ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಪ್ರಬಂಧಕ್ಕೆ ಹೊಸ ಸೈಟೇಶನ್‌ಗಳು ಬರುತ್ತಲೇ ಇದ್ದವು.

ಕಂಪ್ಲಿಯ ತಾಯಿಗೆ ಏನು ಹೇಳಲಿ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದ್ದೆ. ಈಗ ಅವರಿಗೆ ಕಾಡಿಸುವ ಮನಸ್ಸಿರಲಿಲ್ಲ. ಪತ್ರಿಕೆಯಿಂದ ಅಧಿಕೃತವಾಗಿ ಬರುವವರೆಗೆ ಬಾಯಿ ಬಿಡಬೇಡಿ, ವಿಚಾರಣೆ ನಡೆಯುತ್ತಿದೆ, ನಾಳೆ ಕಾಲೇಜಿಗೆ ತೊಂದರೆಯಾದೀತು ಎಂದರು. ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ಆ ಮಾತು ನನಗೂ ಅನುಕೂಲವಾಗಿತ್ತು. ಸಂಪಾದಕರ ಮುಂದೆ ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಳ್ಳಲು ನನಗೆ ಧೈರ್ಯವಿತ್ತು. ಆ ತಾಯಿಯ ಕಣ್ಣೆದುರು ಕನ್ನಡದಲ್ಲಿ ಒಪ್ಪಿಕೊಳ್ಳಲು ಇರಲಿಲ್ಲ.

ಅವರು ಇನ್ನೆರಡು ಸಲ ಬಂದರು. ಮೊದಲ ಸಲ ಮಗಳ ಹೆಗಲು ಹಿಡಿದು, ಎರಡನೆಯ ಸಲ ಗಾಲಿಕುರ್ಚಿಯಲ್ಲಿ. ಔಷಧದ ಮಾತು ಮುಗಿಯುತ್ತಲೇ ಅದೇ ಪ್ರಶ್ನೆ. ‘ಬರದೋರ್ನ ಕೇಳಿದ್ರೇನ್ರಿ?’ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ ಎಂದೆ. ಎರಡನೆಯ ಸಲವೂ ಹಾಗೇ ಅಂದೆ. ಅವರು ನನಗೇ ಸಮಾಧಾನ ಹೇಳಿದರು, ದೊಡ್ಡವರಿಗೆ ನೂರೆಂಟು ಕೆಲಸ ಇರುತ್ತವೆ ಎಂದು. ಗಾಲಿಕುರ್ಚಿ ಬಾಗಿಲು ದಾಟುವಾಗ ಕೂಗಿ ಕರೆಯಬೇಕೆನಿಸಿತು. ಕರೆಯಲಿಲ್ಲ, ಮುಂದಿನ ರೋಗಿಯನ್ನು ಒಳಗೆ ಬಿಡಲು ಹೇಳಿದೆ.

ಹಿಂತೆಗೆತದ ಪ್ರಕಟಣೆ ಕೊನೆಗೂ ಬಂತು. ಪ್ರಬಂಧದ ಮೇಲೆ ಅಡ್ಡಲಾಗಿ ಕೆಂಪು ಅಕ್ಷರದ ಗುರುತು, ಕೆಳಗೆ ಆರು ಸಾಲಿನ ವಿವರಣೆ. ಮುದ್ರಿಸಿಕೊಂಡು ಮರುದಿನ ಬೆಳಿಗ್ಗೆಯೇ ಕಂಪ್ಲಿಯ ಬಸ್ಸು ಹತ್ತಿದೆ. ಅರ್ಜಿ ತಿರಸ್ಕರಿಸಿದ ಕಚೇರಿಗೂ ಒಂದು ಪ್ರತಿ ಕಳಿಸಿದ್ದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಈ ಸಲ ಎಲ್ಲವನ್ನೂ ಹೇಳಿಬಿಡುವುದೆಂದು ಗಟ್ಟಿ ಮಾಡಿದ್ದೆ.

ಕೇಸ್ ಶೀಟಿನಲ್ಲಿದ್ದ ವಿಳಾಸ ಅಕ್ಕಿ ಗಿರಣಿಯೊಂದರ ಹಿಂದಿನ ಓಣಿಯದು. ಮಗಳು ಬಾಗಿಲಲ್ಲಿ ಮೊರ ಹಿಡಿದು ಕುಳಿತಿದ್ದಳು. ನನ್ನನ್ನು ಕಂಡು ಎದ್ದು ಒಳಗಿನಿಂದ ಚಾಪೆ ತಂದು ಹಾಸಿದಳು. ನಾನು ಅಮ್ಮ ಎಲ್ಲಿ ಎಂದು ಕೇಳಿದೆ.

‘ಹೋಗಿ ಹದಿನೇಳು ದಿನ ಆತ್ರಿ,’ ಅಂದಳು.

ಕಟ್ಟೆಯ ಮೇಲೆ ಅವಳ ಮಾವ ಕುಳಿತಿದ್ದರು, ಪಕ್ಕದಲ್ಲಿ ಇನ್ನಿಬ್ಬರು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಹಾಳೆಯನ್ನು ಮಗಳ ಕೈಗೆ ಕೊಟ್ಟೆ. ಹತ್ತನೆಯ ತರಗತಿಯವರೆಗೆ ಓದಿದವಳು, ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು ತನ್ನ ತಾಯಿಯ ಹೆಸರಿಗಾಗಿ ಹುಡುಕಿದಳು. ಸಿಗಲಿಲ್ಲ. ಇದರೊಳಗೆ ನಮ್ಮವ್ವ ಬೀಡಿ ಸೇದುತ್ತಿರಲಿಲ್ಲ ಎಂದು ಎಲ್ಲಿ ಬರೆದಿದೆ ಎಂದು ಕೇಳಿದಳು. ಹಾಗೆ ಎಲ್ಲೂ ಬರೆದಿರಲಿಲ್ಲ. ಒಂದು ಅಂಶದ ವರ್ಗೀಕರಣದಲ್ಲಿ ದೋಷ ಎಂದಷ್ಟೇ ಇತ್ತು.

ನಾನು ಎದ್ದು ಕಟ್ಟೆಯ ಹತ್ತಿರ ಹೋದೆ. ‘ಇವರ ತಾಯಿ ಯಾವತ್ತೂ ಬೀಡಿ ಸೇದಿದವರಲ್ಲ. ಧೂಳಿನಿಂದ ಬಂದ ಕಾಯಿಲೆ ಅದು. ಆ ಸಂಶೋಧನೆಯನ್ನ ತಪ್ಪಾಗಿ ಬರೆದದ್ದು ನಾನು,’ ಅಂದೆ. ಅಷ್ಟು ಹೇಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವಳ ಮಾವ ಕಸಿವಿಸಿಗೊಂಡು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. ಆಕೆಯೇ ಹೋದ ಮೇಲೆ ಇದೆಲ್ಲ ಈಗ ಯಾಕೆ ಎಂದು ಗೊಣಗಿದರು.

ತಿರುಗಿ ಬಂದಾಗ ಮಗಳು ಇನ್ನೂ ಹಾಳೆ ಹಿಡಿದು ನಿಂತಿದ್ದಳು.

‘ನೀವ ಬರದದ್ದೇನ್ರಿ?’

‘ಹೌದಮ್ಮ, ನಾನೇ.’

‘ನಮ್ಮವ್ವ ಬಂದಾಗ ಗೊತ್ತಿತ್ತೇನ್ರಿ ನಿಮಗ?’

‘ಗೊತ್ತಿತ್ತು.’

ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಿಚಿದಳು.

‘ಉಸಿರಿಲ್ಲದಿದ್ರೂ ಕಡೀತನಕ ನಿಮ್ಮ ಮ್ಯಾಲೆ ಒಂದು ಮಾತು ಆಡಗೊಡ್ಲಿಲ್ರಿ ಅಕಿ. ನಮ್ಮ ಡಾಕ್ಟ್ರಮ್ಮ ಕೇಳಾಕತ್ತಾಳ, ಆ ಬರದೋರ ಬಾಯಿ ಬಿಡವಲ್ರು ಅಂತಿದ್ಲು.’

ಹಾಳೆಯನ್ನು ನನ್ನ ಕಡೆ ಚಾಚಿದಳು. ನಾನು ಇಸಿದುಕೊಂಡೆ.